ನನ್ನ ಹೊಟ್ಟೆಯ ನಲವತ್ತೊಂದು ಕಲ್ಲುಗಳು

ನಾನು ಅಂಗೈಯಷ್ಟು ಅಗಲದ ಒಂದು ಜಿಪಿಎಸ್. ದೂರದ ಯಾವುದೋ ಕಾರ್ಖಾನೆಯಲ್ಲಿ ಹುಟ್ಟಿದೆ. ಅಲ್ಲಿ ನನ್ನನ್ನು ಮುಟ್ಟಿದವರೆಲ್ಲ ಕೈಗವಸು ಹಾಕಿಕೊಂಡಿದ್ದರು. ಅಷ್ಟು ಶುಚಿಯಾದ ಕೈ ಮತ್ತೆಂದೂ ನನ್ನ ಹಣೆಯಲ್ಲಿ ಬರೆದಿರಲಿಲ್ಲ. ಆಕಾಶದ ಉಪಗ್ರಹಗಳನ್ನು ಕೇಳಿ, ನಿಂತ ಜಾಗ ಯಾವುದೆಂದು ಹೇಳುವುದು ನನ್ನ ಕಸುಬು. ಸುಳ್ಳು ನನಗೆ ಬಾರದು. ಆದರೆ ಮನುಷ್ಯರು ನನ್ನಿಂದಲೂ ಸುಳ್ಳು ಹೇಳಿಸಿದರು. ನೆನೆದರೆ ಈಗಲೂ ಹೇಸಿಗೆಯಾಗುತ್ತದೆ.

ಕುಂದಾಪುರದ ಕಡೆಯ ಒಂದು ಬಂದರಿನಲ್ಲಿ ಸುಕೇಶನ ಅಂಗಡಿ ಇತ್ತು. ಗುಟ್ಕಾ ಮೆತ್ತಿದ ಬೆರಳಿನಿಂದ ಅವನು ನನ್ನ ಪೆಟ್ಟಿಗೆ ಒಡೆದ. ಕೊಳ್ಳಲು ಬಂದವನು ಬಚ್ಚ ಮೊಗವೀರ. ಅವನು ಸ್ವಂತ ದೋಣಿಯ ತಾಂಡೇಲ. ದೋಣಿ ಎತ್ತ ಹೋಗಬೇಕೆಂದು ಹೇಳುವವನೇ ತಾಂಡೇಲ. ಕೈಯಲ್ಲಿ ಪರದೆ ಮಂಕಾದ ಅವನ ಹಳೆಯ ಜಿಪಿಎಸ್ ಇತ್ತು. ಅದರೊಳಗೆ ನಲವತ್ತು ಕಲ್ಲುಗಳ ಗುರುತು. ಕಡಲ ತಳದ ಬಂಡೆಯನ್ನು ಅವರು ಕಲ್ಲು ಅನ್ನುತ್ತಾರೆ. ಕಲ್ಲಿದ್ದಲ್ಲಿ ಮುರು ಮೀನು ಗಾಳಕ್ಕೆ ಸಿಗುತ್ತದೆ, ಬಲೆ ಬಿಟ್ಟರೆ ಹರಿದು ಚಿಂದಿಯಾಗುತ್ತದೆ. ಒಬ್ಬ ತಾಂಡೇಲನ ಕಲ್ಲನ್ನು ಇನ್ನೊಬ್ಬ ಕೇಳುವ ಪದ್ಧತಿ ಇಲ್ಲ.

ಸುಕೇಶ ಹಳೆಯದಕ್ಕೆ ವೈರು ಚುಚ್ಚಿ ಕಲ್ಲುಗಳನ್ನೆಲ್ಲ ಕಂಪ್ಯೂಟರಿಗೆ ಎಳೆದುಕೊಂಡ. ಅದೇ ವೈರನ್ನು ನನಗೆ ಚುಚ್ಚಿ ನನ್ನೊಳಗೆ ಸುರಿದ. ಒಂದಂಕಿಯೂ ಆಚೀಚೆ ಆಗಲಿಲ್ಲ, ಇದನ್ನು ನಾನು ಆಣೆ ಇಟ್ಟು ಹೇಳಬಲ್ಲೆ. ಕಂಪ್ಯೂಟರಿನಲ್ಲಿದ್ದುದನ್ನು ಅಳಿಸು ಎಂದು ಬಚ್ಚ ಎರಡೆರಡು ಸಲ ಹೇಳಿದ. ಸುಕೇಶ ಅಳಿಸಿದೆ ಎಂದ. ಅಳಿಸಿರಲಿಲ್ಲ. ವೈರು ಇನ್ನೂ ನನ್ನ ಹೊಟ್ಟೆಯಲ್ಲೇ ಇತ್ತು, ನನಗೆ ಗೊತ್ತಾಯಿತು. ಥೂ ಎಂದು ಉಗುಳಲು ನನಗೆ ಬಾಯಿಲ್ಲ.

ಕಡಲಿಗೆ ಹೋದ ಮೇಲೆ ಇನ್ನೂ ದೊಡ್ಡ ಅಸಹ್ಯ ಕಾದಿತ್ತು. ಮೀನಿನ ಲೋಳೆ, ಹುರುಪೆ, ಡೀಸೆಲ್ಲು, ಇವನ್ನೆಲ್ಲ ಹೇಗೋ ಸಹಿಸಿಕೊಂಡೆ. ಆದರೆ ಬಚ್ಚ ನಾನು ತೋರಿಸಿದ ಜಾಗದಲ್ಲಿ ನಿಲ್ಲುತ್ತಲೇ ಇರಲಿಲ್ಲ. ಅಲ್ಲಿಂದ ಅರ್ಧ ಮೈಲು ಬಡಗು ದಿಕ್ಕಿಗೆ ಹೋಗಿ ಗಾಳ ಬಿಡುತ್ತಿದ್ದ, ಮುರು ಮೀನು ಎಳೆಯುತ್ತಿದ್ದ. ಒಮ್ಮೆ ನಲವತ್ತೊಂದನೆಯ ಹೊಸ ಕಲ್ಲು ಸಿಕ್ಕಿದಾಗ ದೋಣಿಯನ್ನು ಅರ್ಧ ಮೈಲು ತೆಂಕಕ್ಕೆ ತಂದು ನನ್ನ ಗುಂಡಿ ಒತ್ತಿದ. ಆಗ ನನಗೆ ಅರ್ಥವಾಯಿತು. ಕಳ್ಳರ ಭಯಕ್ಕೆ ಅವನು ಪ್ರತಿಯೊಂದು ಕಲ್ಲನ್ನೂ ಬೇಕೆಂದೇ ತಪ್ಪಾಗಿ ಗುರುತು ಹಾಕಿದ್ದ. ಸರಿಯಾದ ಲೆಕ್ಕ ಅವನ ತಲೆಯಲ್ಲಿ ಮಾತ್ರ ಇತ್ತು. ನನ್ನ ಹೊಟ್ಟೆಯಲ್ಲಿದ್ದುದೆಲ್ಲ ಸುಳ್ಳೇ.

ಇತ್ತ ಸುಕೇಶ ಆ ಪಟ್ಟಿಯನ್ನು ಕದ್ದು ಮಾರಿದ. ಕೊಂಡವನು ಯಾರೆಂದುಕೊಂಡಿರಿ? ಬಚ್ಚನ ಅಳಿಯ ದಿನಕರ, ಮಗಳು ಗಿರಿಜಳ ಗಂಡ. ಅವನದು ಸಣ್ಣ ದೋಣಿ, ಹೊಸ ಬಲೆ. ಕಲ್ಲಿಗೆ ತಾಗದಿರಲೆಂದು ಪಟ್ಟಿಯ ಗುರುತಿನಿಂದ ದೂರ, ಬಡಗು ದಿಕ್ಕಿಗೆ ಹೋಗಿ ಬಲೆ ಬಿಟ್ಟ. ಕಲ್ಲು ಇದ್ದದ್ದೇ ಅಲ್ಲಿ. ಬಲೆಯಲ್ಲಿ ದಡಕ್ಕೆ ಬಂದದ್ದು ಹಗ್ಗ ಮಾತ್ರ.

ದಿನಕರ ಮಾವನ ಕಾಲಿಗೆ ಬಿದ್ದು ತಪ್ಪೊಪ್ಪಿಕೊಂಡ. ಬಚ್ಚ ನಿಜ ಹೇಳಲಿಲ್ಲ. ಸೀದಾ ಅಂಗಡಿಗೆ ಹೋಗಿ, ಕದ್ದದ್ದು ಸಾಲದೆ ಕಂಪ್ಯೂಟರಿನಲ್ಲಿ ಅಂಕಿ ಬೇರೆ ಕೆಡಿಸಿದ್ದೀಯ ಎಂದು ಸುಕೇಶನನ್ನು ನಾಲ್ಕು ಜನರ ಎದುರು ಬೈದ. ಕಳ್ಳ ಸುಕೇಶ ತಾನು ಮಾಡದ ತಪ್ಪಿಗೆ ತಲೆ ತಗ್ಗಿಸಿದ. ಊರೂ ನಂಬಿತು. ಬಚ್ಚನ ಜಿಪಿಎಸ್ ಮಾತ್ರ ಸರಿ ಇದೆ, ಅವನಿಗೆ ದಿನವೂ ಮೀನು ಸಿಗುತ್ತದಲ್ಲ ಎಂದರು.

ಬಲೆ ಹೋದ ಮೇಲೆ ದಿನಕರನಿಗೆ ಉಳಿದದ್ದು ಗಾಳವೊಂದೇ. ಕಲ್ಲು ಗೊತ್ತಿಲ್ಲದೆ ಗಾಳ ಬಿಟ್ಟು ಹೊಟ್ಟೆ ತುಂಬುವುದಿಲ್ಲ. ಗಿರಿಜ ತವರಿಗೆ ಬಂದು ಅಪ್ಪನ ಎದುರು ನಿಂತಳು.

"ಅಪ್ಪಯ್ಯಾ, ಅವ್ರನ್ನ ಒಂದ್ ದಿನ ನಿಮ್ಮ ದೋಣಿಯೊಳ್ಗೆ ಕರ್ಕಂಡ್ ಹೋಯ್ನಿ. ಬಾಯಲ್ಲೇ ಹೇಳ್ ಕೊಡ್ನಿ."

 ಬಚ್ಚ ಕುತ್ತಿಗೆಗೆ ನೇತುಹಾಕಿಕೊಂಡಿದ್ದ ನನ್ನನ್ನು ಬಿಚ್ಚಿ ಅವಳ ಕೈಗಿಟ್ಟ.

"ಎಲ್ಲ ಇದ್ರಗೇ ಇತ್ತ್ ಮಗಾ."

ಅವಳು ನನ್ನನ್ನು ಕಣ್ಣಿಗೊತ್ತಿಕೊಂಡಳು. ಆ ಕ್ಷಣ ನಾನು ಒಡೆದು ಹೋಗಬಾರದಿತ್ತೇ ಅನ್ನಿಸಿತು.

ದಿನಕರ ನನ್ನನ್ನು ಹಿಡಿದು ಒಂದೊಂದೇ ಕಲ್ಲಿಗೆ ಹೋದ. ಗಾಳಕ್ಕೆ ಕೆಸರು ಬಿಟ್ಟರೆ ಬೇರೇನೂ ಹತ್ತಲಿಲ್ಲ. ಕೊಂಡ ಪಟ್ಟಿಯನ್ನು ಅವನು ಬಲೆ ಹೋದ ದಿನವೇ ಹರಿದು ಎಸೆದಿದ್ದ, ಹೋಲಿಸಿ ನೋಡಲು ಏನೂ ಉಳಿದಿರಲಿಲ್ಲ. ಮಾವನನ್ನಾಗಲಿ ನನ್ನನ್ನಾಗಲಿ ಅವನು ಅನುಮಾನಿಸಲಿಲ್ಲ. ಮಾವನ ಕೈಗುಣ ತನಗಿಲ್ಲ ಎಂದು ಹೆಂಡತಿಗೆ ಹೇಳಿ, ದೋಣಿ ಮಾರಿ, ಮಂಜುಗಡ್ಡೆ ಕಾರ್ಖಾನೆಗೆ ಕೆಲಸಕ್ಕೆ ಸೇರಿದ. ಬೆರಳುಗಳು ಮರಗಟ್ಟಿದವು. ಬಚ್ಚ ಇದನ್ನೆಲ್ಲ ನೋಡುತ್ತ ಮೂರು ವರ್ಷ ಬದುಕಿದ. ಮಂಕು ಪರದೆಯ ಹಳೆಯ ಜಿಪಿಎಸ್ ಹಿಡಿದು ಕಡಲಿಗೆ ಹೋಗಿ, ದಿನವೂ ಗಿರಿಜಳ ಪುಟ್ಟ ಮಗಳಿಗೆ ಮೀನು ತಂದು ಕೊಟ್ಟ. ಆ ಅರ್ಧ ಮೈಲನ್ನು ಮಾತ್ರ ಕೊಡಲಿಲ್ಲ.

ಈಗ ನನಗೆ ವಯಸ್ಸಾಗಿದೆ. ಬ್ಯಾಟರಿ ಸೋರಿ ಹೊಟ್ಟೆಯೆಲ್ಲ ಹಸಿರು ಕಿಲುಬು. ಗಿರಿಜಳ ಮನೆಯ ಗೋಡೆಗೂಡಿನಲ್ಲಿ, ಬಚ್ಚನ ಪಟದ ಕೆಳಗೆ ಬಿದ್ದುಕೊಂಡಿದ್ದೇನೆ. ಕಿಲುಬಿಗೆ ನನಗೆ ಅಸಹ್ಯವಿಲ್ಲ, ಅದು ನನ್ನದೇ. ಆದರೆ ಪ್ರತಿವರ್ಷ ಆಯುಧಪೂಜೆಯ ದಿನ ಗಿರಿಜ ನನ್ನನ್ನು ಸೆರಗಿನಿಂದ ಒರೆಸಿ ಕುಂಕುಮ ಹಚ್ಚುತ್ತಾಳೆ. ಮನೆಗೆ ಬಂದವರಿಗೆ, ಅಪ್ಪಯ್ಯ ಸಾಯುವ ಮೊದಲು ತನ್ನ ಕಲ್ಲುಗಳನ್ನೆಲ್ಲ ನಮಗೇ ಕೊಟ್ಟು ಹೋದರು ಎಂದು ತೋರಿಸುತ್ತಾಳೆ. ಆಮೇಲೆ ಅದೇ ಬೆರಳಿನಿಂದ ಬಚ್ಚನ ಪಟಕ್ಕೂ ಕುಂಕುಮ ಇಡುತ್ತಾಳೆ.