ಕಿಟಕಿಯಿಂದ ಹಿಡಿದ ಸೀಟು

ಕೆಂಭಾವಿಯಲ್ಲಿ ಸಂತೆಯ ದಿನ ಬಾಗಿಲಿನಿಂದ ಹತ್ತಿ ಬಸ್ಸಿನಲ್ಲಿ ಸೀಟು ಹಿಡಿದವರುಂಟೇ? ಕಿಟಕಿಯಿಂದ ಟವಲ್ಲು ಎಸೆಯಬೇಕು, ಇಲ್ಲವೇ ಕೂಸನ್ನೇ ಒಳಗೆ ತೂರಿಸಬೇಕು. ಕರೆಮ್ಮನೂ ಅದನ್ನೇ ಮಾಡಿದಳು. ನಾಲ್ಕು ವರ್ಷದ ಮಗಳು ಸುಗಲಮ್ಮನನ್ನು ಸುರಪುರಕ್ಕೆ ಹೋಗುವ ಖಾಸಗಿ ಬಸ್ಸಿನ ಸೀಟಿಗಿಳಿಸಿ, "ನಾ ಬರೂತನಕ ಏಳಬ್ಯಾಡ. ಯಾರಿಗೂ ಸೀಟು ಬಿಡಬ್ಯಾಡ" ಎಂದು ಹೇಳಿ, ಸಂತೆಯ ಚೀಲ ಎತ್ತಿಕೊಳ್ಳಲು ಬಗ್ಗಿದಳು.

ಅಷ್ಟರಲ್ಲಿ ಹಿಂದಿನಿಂದ ಇನ್ನೊಬ್ಬ ಮಾಲಕನ ಬಸ್ಸು ಹಾರ್ನ್ ಹೊಡೆಯುತ್ತ ಬಂತು. ಕಲೆಕ್ಷನ್ ಸಾಲದೆಂದು ಸರ್ಕಾರಿ ಬಸ್ಸು ನಿಂತ ಮೇಲೆ ಇವರಿಬ್ಬರದೂ ಹಗಲೆಲ್ಲ ಇದೇ ಜಿದ್ದು. ಯಾರು ಮುಂದೆ ಹೋದರೋ ದಾರಿಯ ಮಂದಿಯೆಲ್ಲ ಅವರ ಪಾಲು. ನಿಂತಿದ್ದ ಬಸ್ಸಿನ ಡ್ರೈವರ್ ಹಿಂದೆ ಮುಂದೆ ನೋಡದೆ ಗಾಡಿ ಬಿಟ್ಟ. ಮಗಳು ಒಳಗೆ, ತಾಯಿ ಹೊರಗೆ.

ಕರೆಮ್ಮ ಕೂಗಿದರೂ ಬಸ್ಸು ನಿಲ್ಲಲಿಲ್ಲ. ಚೀಲ ಅಲ್ಲೇ ಬಿಸಾಕಿ ಹಿಂದಿನ ಬಸ್ಸು ಹತ್ತಿ, ಡ್ರೈವರ್ ಸಂಗಣ್ಣನ ಪಕ್ಕ ನಿಂತಳು.

"ಯಣ್ಣಾ, ನನ್ನ ಕೂಸು ಆ ಗಾಡ್ಯಾಗ ಅದ. ಜಲ್ದಿ ಹೊಡಿರಿ."

"ನೀ ಹೇಳದಿದ್ರೂ ಅವನ್ನ ಬಿಡಾಂವಲ್ಲ ತಂಗಿ."

ಮುಂದೆ ಕಾಲುವೆ ದಂಡೆಯ ರಸ್ತೆ. ಒಂದು ಕಡೆ ತುಂಬಿ ಹರಿಯುವ ನೀರು, ಅಡ್ಡಗೋಡೆ ಹೆಸರಿಗೂ ಇಲ್ಲ. ಸಂಗಣ್ಣ ಹತ್ತಿರವಾದಷ್ಟೂ ಮುಂದಿನವನು ಜೋರು ಮಾಡಿದ. ತಿರುವಿನಲ್ಲಿ ಆ ಬಸ್ಸಿನ ಹಿಂದಿನ ಗಾಲಿ ದಂಡೆಯ ಮಣ್ಣನ್ನು ನೀರಿಗೆ ಕೆಡವಿತು. ಕರೆಮ್ಮನಿಗೆ ಆಗ ಹೊಳೆಯಿತು. ಮಗಳನ್ನು ಕಾಲುವೆಗೆ ಅಟ್ಟುತ್ತಿರುವವಳು ತಾನೇ ಅಲ್ಲವೇ!

"ನಿಂದರಸ್ರಿ ಯಣ್ಣಾ. ನಾವು ಬೆನ್ನ ಹತ್ತಿದ್ದಕ್ಕ ಅವ ಹಂಗ ಓಡಸಾಕತ್ತಾನ."

"ನಿಂದರಿಸಿದ್ರ ಮುಂದಿನ ಊರಿನ ಮಂದಿನೆಲ್ಲ ಅವ ತುಂಬ್ಕೊಂಡು ಹೋಗ್ತಾನ. ಮಾಲಕ ನಾಳಿ ನನ್ನ ಕೆಲಸಕ್ಕ ಇಟ್ಕೋತಾನೇನು?"

"ಮಂದಿ ನಾಳಿನೂ ಸಿಗ್ತಾರ. ನನ್ನ ಮಗಳು?"

ಸಂಗಣ್ಣ ಬ್ರೇಕ್ ಒತ್ತಿದ. ಹಿಂದೆ ಕೂತವರು ಬಾಯಿಗೆ ಬಂದಂತೆ ಬೈದರು. ಮುಂದಿನ ಬಸ್ಸಿನ ಧೂಳು ದೂರವಾಗುತ್ತಿದ್ದಂತೆ ಕರೆಮ್ಮ ಮೌನೇಶ್ವರನಿಗೆ ಹರಕೆ ಹೊತ್ತಳು. ನಿಧಾನಕ್ಕೆ ಸಾಗಿ, ಊರು ಬರುವ ಮೊದಲೇ ಸಂಗಣ್ಣ ಗಾಡಿ ಪೂರ್ತಿ ನಿಲ್ಲಿಸಿದ.

"ನನ್ನ ಗಾಡಿ ಕಂಡ್ರ ಅವ ಮತ್ತ ಓಡ್ತಾನ. ಇಲ್ಲಿಂದ ನಡಕೊಂಡು ಹೋಗು. ಭಾಳ ಹೊತ್ತು ತಡಿಯಾಕ ಆಗಂಗಿಲ್ಲ ನೋಡವ್ವ."

ಕರೆಮ್ಮ ಓಡಿದಳು. ಆ ಬಸ್ಸು ಊರ ಮುಂದೆ ನಿಂತು ಆರಾಮಾಗಿ ಮಂದಿಯನ್ನು ತುಂಬಿಸಿಕೊಳ್ಳುತ್ತಿತ್ತು, ಡ್ರೈವರ್ ಬೀಡಿ ಹಚ್ಚಿದ್ದ. ಅವಳು ಎಲ್ಲರನ್ನೂ ನೂಕಿ ಒಳಗೆ ನುಗ್ಗಿದಳು. ಸುಗಲಮ್ಮ ಸೀಟಿನ ಮೇಲೆ ಬೋರಲು ಮಲಗಿ, ಎರಡೂ ಕೈಯಲ್ಲಿ ಕಂಬಿ ಹಿಡಿದಿದ್ದಳು. ಅತ್ತು ಅತ್ತು ದನಿ ಬಿದ್ದಿತ್ತು.

"ಯವ್ವ, ಯಾರಿಗೂ ಬಿಟ್ಟಿಲ್ಲ ನೋಡು. ಕೂಡು."

ಎತ್ತಿಕೊಂಡು ಇಳಿಯಲು ಹೋದರೆ ಆ ಬೆರಳುಗಳು ಕಂಬಿ ಬಿಡಲೊಲ್ಲವು. ಅಷ್ಟರಲ್ಲಿ ಕಾಲುವೆಯ ಕಡೆಯಿಂದ ಸಂಗಣ್ಣನ ಹಾರ್ನ್ ಕೇಳಿತು. ಡ್ರೈವರ್ ಬೀಡಿ ಎಸೆದು ಗಾಡಿ ಚಾಲೂ ಮಾಡಿದ. ಕರೆಮ್ಮ ಇನ್ನೂ ಮಗಳ ಬೆರಳು ಬಿಡಿಸುತ್ತಲೇ ಇದ್ದಳು.