ರಿಂಗು ಕಟ್ಟಿಸಿದವನು

ಗುರುನಾಥನ ಕಂಬ ನನ್ನ ಕೈಯಲ್ಲೇ ಪುಡಿಯಾಗಬೇಕೆಂದು ಹಲ್ಲು ಕಚ್ಚಿಕೊಂಡು ಕಾದಿದ್ದೆ. ಹುಮನಾಬಾದಿನ ಪರೀಕ್ಷಾ ಕೇಂದ್ರದಲ್ಲಿ ಕಾಂಕ್ರೀಟು ಒಡೆಯುವುದೇ ನನ್ನ ಕೆಲಸ. ಬಸವಕಲ್ಯಾಣದ ಆ ಗುತ್ತಿಗೆದಾರ ಒಂದಲ್ಲ ಒಂದು ದಿನ ನನ್ನ ಯಂತ್ರದ ಮುಂದೆ ಬಂದು ನಿಲ್ಲುತ್ತಾನೆಂದು ನನಗೆ ಗೊತ್ತಿತ್ತು.

ರಾಜೇಶ್ವರದಲ್ಲಿ ಅವನು ಕಟ್ಟಿಸುತ್ತಿದ್ದ ಗೋದಾಮಿನ ಕಂಬ ಕುಸಿದಾಗ ನನ್ನ ಅಣ್ಣ ರಾಜೀವ ಸತ್ತ. ಜೊತೆಗೆ ಪಕ್ಕದ ಮನೆಯ ಸೋನುಬಾಯಿಯ ಗಂಡನೂ ಸತ್ತ. ಅಣ್ಣನದು ಸರಳು ಕಟ್ಟುವ ಕೆಲಸ. ಸರಳುಗಳ ಸುತ್ತ ಹಾಕುವ ರಿಂಗುಗಳು ಒತ್ತೊತ್ತಾಗಿರಬೇಕು, ಅವೇ ಸರಳನ್ನು ಬಾಗದಂತೆ ಹಿಡಿದಿಡುವುದು. ಆ ಕಂಬದಲ್ಲಿ ಅವು ಮೊಳಕ್ಕೊಂದರಂತೆ ಇದ್ದವು. ಹೆಣಗಳನ್ನು ಮನೆಗೆ ಒಯ್ಯುವ ಮೊದಲೇ ಗುರುನಾಥ, "ಹುಡುಗ ಕುಡ್ದು ಕಟ್ಟ್ಯಾನ" ಎಂದುಬಿಟ್ಟ. ಅಣ್ಣ ಚಹಾ ಬಿಟ್ಟು ಬೇರೇನೂ ಕುಡಿದವನಲ್ಲ. ಆದರೂ ಊರು ನಂಬಿತು. ನಮ್ಮೂರು ಕೊಹಿನೂರಿನಲ್ಲಿ ನಮ್ಮ ಮನೆಗೂ ಸೋನುಬಾಯಿಯ ಮನೆಗೂ ನಡುವೆ ಒಂದೇ ಗೋಡೆ. ಅಂದಿನಿಂದ ಅವಳು ನನ್ನವ್ವ ಸುಮನಬಾಯಿಯ ಮುಖ ನೋಡಿಲ್ಲ. ಅವ್ವ ಬುದ್ಧವಿಹಾರಕ್ಕೆ ಪ್ರಾರ್ಥನೆಗೆ ಹೋದರೂ ಎಲ್ಲರಿಗಿಂತ ಹಿಂದೆ, ಚಪ್ಪಲಿ ಬಿಡುವ ಜಾಗದಲ್ಲಿ ಕೂರುತ್ತಾಳೆ.

ಈಗ ಕೊಹಿನೂರಿನ ಶಾಲೆಗೆ ಹೊಸ ಕೋಣೆಗಳು ಬರುತ್ತಿವೆ. ಕಂಬಗಳೂ ಹೊಸ ಬಗೆಯವು. ಸಿಮೆಂಟು ಕಡಿಮೆ ಮಾಡಿ ಕಲ್ಲಿದ್ದಲು ಸುಟ್ಟ ಹಾರುಬೂದಿ ಬೆರೆಸಿದ, ಗಾಳಿಗೆ ಕಡಿಮೆ ಇಂಗಾಲ ಬಿಡುವ ಕಾಂಕ್ರೀಟು. ಒಳಗೆ ಕಬ್ಬಿಣದ ಬದಲು ತುಕ್ಕು ಹಿಡಿಯದ ಗಾಜಿನ ನಾರಿನ ಸರಳು. ಮಾದರಿ ಕಂಬ ನಮ್ಮ ಕೇಂದ್ರದ ಪರೀಕ್ಷೆಯಲ್ಲಿ ಗೆದ್ದರೆ ಗುತ್ತಿಗೆ ಗುರುನಾಥನದೇ.

"ಲಗೂ ಒಡದ್ ಬಿಡ್ರಿ ಮೇಡಂ" ಎಂದು ಕಂಬ ತಂದಿಳಿಸಿದ ದಿನವೇ ಅವನು ಗಂಟುಬಿದ್ದ. ನಾನು ರಾಜೀವನ ತಂಗಿ ಎಂದು ಅವನಿಗೆ ಗೊತ್ತಿಲ್ಲ. ಸತ್ತವನ ಮನೆಗೆ ಬಂದಿದ್ದರೆ ತಾನೆ ಗೊತ್ತಾಗುವುದು. ಬೂದಿ ಬೆರೆತ ಕಾಂಕ್ರೀಟು ನಿಧಾನಕ್ಕೆ ಬಲಿಯುತ್ತದೆ. ಅಂದೇ ಒಡೆದಿದ್ದರೆ ಸೋಲುತ್ತಿತ್ತು. ಕೈ ತುರಿಸಿತು, ಸುಳ್ಳೇಕೆ ಹೇಳಲಿ. ಆದರೆ ಹಾಗೆ ಸೋಲಿಸಿದರೆ ಅಣ್ಣನ ಮೇಲೆ ಹೊರಿಸಿದಂತೆ ನನ್ನ ಮೇಲೂ ಹೊರಿಸಿ ಜಾರಿಕೊಳ್ಳುತ್ತಾನೆ. ಅವನು ಸೋಲಬೇಕಾದದ್ದು ರಿಂಗು ಉಳಿಸುವ ಅವನದೇ ಕಳ್ಳತನದಿಂದ. "ಇನ್ನಾ ಬಲೀಬೇಕ್ರಿ" ಎಂದು ವಾಪಸು ಕಳಿಸಿದೆ.

ಪರೀಕ್ಷೆಯ ದಿನ ಶಾಲಾ ಸಮಿತಿಯವರು ಬಂದರು. ಅವರಲ್ಲಿ ಸೋನುಬಾಯಿಯೂ ಇದ್ದಳು. ನನ್ನನ್ನು ಕಂಡು ಸೆರಗೆಳೆದುಕೊಂಡು ಗೋಡೆಯತ್ತ ತಿರುಗಿದಳು. ಗುರುನಾಥ ಕಂಬಕ್ಕೆ ವಿಭೂತಿ ಹಚ್ಚಿ, ನಿಂಬೆಹಣ್ಣು ಕಟ್ಟಿ, ಕಾಯಿ ಒಡೆದ. ಒಡೆಯಲೆಂದೇ ತಂದ ಕಂಬಕ್ಕೆ ಪೂಜೆ! ನಗು ನುಂಗಿಕೊಂಡು ಗುಂಡಿ ಒತ್ತಿದೆ.

ಭಾರ ಏರಿತು. ಬೇಕಾದ ಮಟ್ಟ ದಾಟಿತು. ಕಂಬ ಜಪ್ಪಯ್ಯ ಎನ್ನಲಿಲ್ಲ. ಒಡಿ, ಒಡಿ ಎಂದು ಒಳಗೊಳಗೇ ಬೈಯುತ್ತಿದ್ದೆ. ಇನ್ನೂ ಬಹಳ ಏರಿದ ಮೇಲೆ ಹೊರಗಿನ ಕಾಂಕ್ರೀಟು ಸುಲಿದು, ಸರಳು ಪಟ್ಟೆಂದು ಮುರಿಯಿತು. ಗೆದ್ದಿತ್ತು, ಹಾಳಾದ್ದು. ಸುಲಿದ ಜಾಗದಲ್ಲಿ ರಿಂಗುಗಳು ನಾಲ್ಕು ಬೆರಳಿಗೊಂದರಂತೆ ಅಚ್ಚುಕಟ್ಟಾಗಿ ಕಾಣುತ್ತಿದ್ದವು.

"ಕಟ್ಟಿದಾವ ಛಲೋ ಕಟ್ಟ್ಯಾನ ನೋಡ್ರಿ" ಎಂದರು ಸಮಿತಿಯ ಹಿರಿಯರೊಬ್ಬರು.

ಹೊಗಳಿಕೆ ಕೂಲಿಯವನ ಪಾಲಾಗುವುದು ಗುರುನಾಥನಿಗೆ ಸಹಿಸಲಾಗಲಿಲ್ಲ. "ಅವ ಏನ್ ಕಟ್ತಾನ್ರಿ? ನನ್ನ ಸೈಟಿನ್ಯಾಗ ನನ್ನ ಹುಕುಂ ಇಲ್ದ ಒಂದ್ ರಿಂಗೂ ಬೀಳಂಗಿಲ್ಲ. ಎಲ್ಲಿ ಕಟ್ಟಬೇಕಂತ ಖುದ್ದ ನಾನೇ ಸುಣ್ಣದ ಗುರ್ತ ಹಾಕಿ ಕೊಡ್ತೀನಿ."

ಯಂತ್ರ ಆರಿಸಿ ಅವನತ್ತ ತಿರುಗಿದೆ.

"ಇದೊಂದೇ ಕಂಬಕ್ಕೇನ್ರಿ?" ಮೆಲ್ಲಗೆ ಕೇಳಿದೆ.

"ಎಲ್ಲಾ ಕಂಬಕ್ಕ! ಮೊದಲಿಂದ್ಲೂ ಹಂಗೇ. ಯಾರಿಗಿ ಬೇಕಾದ್ರ ಕೇಳ್ರಿ."

"ರಾಜೇಶ್ವರದ ಗೋದಾಮಿಗೂ?"

ಗುರುನಾಥ ಬಾಗಿಲತ್ತ ಸರಿದ. ಸೋನುಬಾಯಿ ಗೋಡೆಯಿಂದ ಈಚೆ ತಿರುಗಿದಳು.

"ಗುರ್ತ ನೀ ಹಾಕಿದ್ರ ರಾಜೀವ ಏನ್ ತಪ್ಪ ಮಾಡಿದ?" ಎಂದಳು. "ಇಷ್ಟು ದಿನ ಅವನ ತಾಯಿಗಿ ಶಾಪ ಹಾಕಿದೆ ನಾನು. ಸುಮನಬಾಯಿ ಬಾಗಲ್ದಾಗ ನಿಂತು ಈ ಮಾತ ಹೇಳು ನಡಿ. ನಾನೂ ಬರ್ತೀನಿ, ನನಗೂ ಅಕಿ ಕಾಲ ಹಿಡೀಬೇಕಾಗ್ಯದ."

ಸಮಿತಿಯವರು ಬಾಗಿಲಿಗೆ ಅಡ್ಡವಾಗಿ ನಿಂತರು. ಗುರುನಾಥ ದಿಕ್ಕು ತೋಚದೆ ನನ್ನತ್ತ ನೋಡಿದ. "ಮೇಡಂ, ನೀವರ ಸ್ವಲ್ಪ ಹೇಳ್ರಿ..."

"ನಿಮ್ಮ ಕಂಬ ಪಾಸಾಗ್ಯದ್ರಿ" ಎಂದೆ. ಇಷ್ಟು ಖುಷಿಯಿಂದ ಆ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ. "ಬರ್ರಿ, ಸುಮನಬಾಯಿ ಮನಿ ನಾನೇ ತೋರಸ್ತೀನಿ. ನಾ ಅಕಿ ಮಗಳು."