ನಾನೂರು ಹಸಿರು ಗೆರೆಗಳು

ಮಕ್ಕಳ ವಾರ್ಡಿನ ಡ್ರಿಪ್ ಯಂತ್ರಕ್ಕೆ ಸಾಫ್ಟ್‌ವೇರ್ ಬರೆಯುವ ಕಂಪನಿ ನಮ್ಮದು. ಮಗುವಿನ ತೂಕ ಒತ್ತಿದರೆ ಸಾಕು, ಗಂಟೆಗೆ ಎಷ್ಟು ಔಷಧ ಹರಿಯಬೇಕೆಂದು ಯಂತ್ರವೇ ಲೆಕ್ಕ ಹಾಕುತ್ತದೆ. ಆ ಲೆಕ್ಕ ಸರಿಯೇ ಎಂದು ನೋಡುವ ನಾನೂರು ಟೆಸ್ಟುಗಳನ್ನು ಬರೆದವಳು ನಾನು. ದಿನಾ ಬೆಳಗ್ಗೆ ಅವು ತಾವಾಗಿಯೇ ಓಡಿ ಎಲ್ಲ ಸರಿಯಿದೆ ಎಂದು ಪರದೆಯ ತುಂಬ ಹಸಿರು ಗೆರೆ ಎಳೆಯುತ್ತಿದ್ದವು. ಅದನ್ನು ನೋಡಿ ಬೀಗುವುದು ನನ್ನ ಆರು ವರ್ಷದ ಚಾಳಿ.

ಹೊಸ ಆವೃತ್ತಿಯ ಯಂತ್ರ ಶುಕ್ರವಾರ ಅಕ್ಕನ ವಾರ್ಡಿಗೂ ಹೋಗಬೇಕಿತ್ತು. ಅಕ್ಕ ಅಲ್ಲಿ ನರ್ಸು. ಮಂಗಳವಾರ ಫೋನು ಮಾಡಿದಳು.

"ಸರಿ ಉತ್ತರ ಏನು ಅಂತ ನಿನ್ನ ಟೆಸ್ಟ್‌ಗೆ ಯಾರು ಹೇಳಿಕೊಡ್ತಾರೆ?"

"ಅದೇ ಕಂಡ್ಕೊಳ್ಳುತ್ತೆ ಬಿಡಕ್ಕ."

"ನಮ್ಮಲ್ಲಿ ಇಬ್ಬರು ಬೇರೆ ಬೇರೆ ಕೂತು ಲೆಕ್ಕ ಹಾಕ್ತೀವಿ. ಒಬ್ಬರ ಚೀಟಿ ಇನ್ನೊಬ್ಬರು ನೋಡೋ ಹಾಗಿಲ್ಲ. ನೋಡಿ ಬರೆದ್ರೆ ಇಬ್ಬರೂ ಒಟ್ಟಿಗೆ ತಪ್ತೀವಿ ಅಷ್ಟೆ."

ನನಗೇ ಪಾಠ ಹೇಳಲು ಬಂದಳಲ್ಲ ಎಂದು ಮೈ ಉರಿಯಿತು. ಅವಳ ಬಾಯಿ ಮುಚ್ಚಿಸಬೇಕೆಂದು ಯಂತ್ರದ ಲೆಕ್ಕವನ್ನು ಬೇಕಂತಲೇ ಕೆಡಿಸಿದೆ. ಗುಣಿಸುವ ಕಡೆ ಕೂಡಿಸುವಂತೆ ಮಾಡಿ ಟೆಸ್ಟು ಓಡಿಸಿದೆ. ನಾನೂರೂ ಹಸಿರು.

ತೆರೆದು ನೋಡಿದರೆ, ಸರಿ ಉತ್ತರಗಳನ್ನು ಕೈಯಾರೆ ಬರೆಯುವ ಸೋಮಾರಿತನಕ್ಕೆ ಅವನ್ನೂ ಯಂತ್ರದ ಅದೇ ಲೆಕ್ಕದಿಂದಲೇ ತರಿಸಿಕೊಂಡಿದ್ದೆ. ಯಂತ್ರದ ಮಾತನ್ನು ಯಂತ್ರದ ಮಾತಿನೊಂದಿಗೇ ತಾಳೆ ನೋಡುವ ಭಾಗ್ಯಕ್ಕೆ ನಾನೂರು ಟೆಸ್ಟು! ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಕುರ್ಚಿಯಲ್ಲಿ ಹತ್ತು ನಿಮಿಷ ಕೂತೆ, ಆಮೇಲೆ ಎದ್ದು ಮ್ಯಾನೇಜರ್ ಕೋಣೆಗೆ ಹೋದೆ.

"ಸರ್, ಶುಕ್ರವಾರ ಕಳಿಸೋದು ಬೇಡ. ಟೆಸ್ಟುಗಳು ಏನನ್ನೂ ಪರೀಕ್ಷೆ ಮಾಡ್ತಿಲ್ಲ."

"ಯಾರು ಬರೆದಿದ್ದು?"

"ನಾನೇ ಸರ್."

ಅವರು ಕನ್ನಡಕ ತೆಗೆದು ನಿಧಾನಕ್ಕೆ ಒರೆಸಿದರು. "ಎಷ್ಟು ದಿನ ಬೇಕು?" ಎಂದರು.

ಅಕ್ಕ ಮತ್ತು ಅವಳ ಜೊತೆಯ ನರ್ಸು ಬೇರೆ ಬೇರೆ ಕೂತು ಅರವತ್ತು ತೂಕಗಳಿಗೆ ಲೆಕ್ಕ ಹಾಕಿಕೊಟ್ಟರು. ನಾನು ಕೆಡಿಸಿದ್ದನ್ನು ಮೊದಲಿನಂತೆ ಮಾಡಿ, ಹಳೆಯ ನಾನೂರನ್ನೂ ಅಳಿಸಿ, ಆ ಅರವತ್ತನ್ನು ಬರೆದು ಓಡಿಸಿದೆ. ಐವತ್ತೊಂಬತ್ತು ಹಸಿರು, ಒಂದು ಕೆಂಪು. ಎರಡು ಕಿಲೋಗಿಂತ ಹಗುರ ಇರುವ ಕೂಸನ್ನು ಹೊಸ ಆವೃತ್ತಿ ಎರಡು ಕಿಲೋ ಎಂದೇ ಹಿಡಿದು ಔಷಧ ಹೆಚ್ಚು ಬಿಡುತ್ತಿತ್ತು.

ಶುಕ್ರವಾರ ಸಂಜೆ ಅಕ್ಕನಿಗೆ ಹೇಳಿದೆ.

"ಇವತ್ತು ಬೆಳಗ್ಗೆ ಒಂದು ಕೂಸು ಬಂದಿದೆ ಕಣೆ, ಒಂದು ಕಿಲೋ ಎಂಟುನೂರು ಗ್ರಾಂ," ಎಂದಳು. "ನಿಮ್ಮ ಹೊಸ ಯಂತ್ರ ಬರಲಿಲ್ಲವಲ್ಲ, ಕೈಲೇ ಲೆಕ್ಕ ಹಾಕಿ ಔಷಧ ಕೊಟ್ವಿ. ಈಗ ನಿದ್ದೆ ಮಾಡ್ತಿದೆ."

ಏನೋ ಹೇಳಲು ಬಾಯಿ ತೆರೆದೆ. ಅಳು ಬಂದುಬಿಟ್ಟಿತು.